ಸರ್ಕಾರದ ಪರವಾಗಿ ಮಾಡಿದ ಆಣೆ

ವರ್ಷಕ್ಕೊಂದು ದಿನ ನಾನು ಯಾರೂ ಅಲ್ಲ. ಮಾರ್ಚ್ ಕೊನೆಗೆ ನನ್ನ ಗುತ್ತಿಗೆ ಮುಗಿಯುತ್ತದೆ. ಏಪ್ರಿಲ್ ಒಂದಕ್ಕೆ ನೌಕರಿ ಇರುವುದಿಲ್ಲ. ಎರಡನೇ ತಾರೀಖು ಹೊಸ ಗುತ್ತಿಗೆ ಶುರು. ನಡುವಿನ ಆ ದಿನಕ್ಕೆ ನಾವು ಗುತ್ತಿಗೆಯವರೆಲ್ಲ ‘ಬ್ರೇಕ್’ ಅನ್ನುತ್ತೇವೆ. ಬಿಡುವಿಲ್ಲದೆ ದುಡಿಸಿಕೊಂಡರೆ ಇವನು ನಾಳೆ ಕಾಯಂ ಮಾಡಿರೆಂದು ಕೋರ್ಟಿಗೆ ಹೋದಾನು ಎಂಬ ಮುಂದಾಲೋಚನೆಯಿಂದ ಮಾಡಿದ ಏರ್ಪಾಡಂತೆ ಅದು. ನನಗೆ ಕೋರ್ಟಿಗೆ ಹೋಗುವಷ್ಟು ಧೈರ್ಯವಿದೆ ಎಂದು ಈ ಭೂಮಿಯ ಮೇಲೆ ನಂಬಿರುವುದು ಸರ್ಕಾರ ಒಂದೇ. ನನ್ನ ಹೆಂಡತಿಯಂತೂ ನಂಬುವುದಿಲ್ಲ.

ಶಹಾಪುರದ ನಮ್ಮ ಮನೆಯಲ್ಲಿ ಆ ದಿನ ಅವಳಿಗೆ ಹಬ್ಬ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಲಗ್ನದ ಸೀಜನ್ ಬೇರೆ, ಹೊಲಿದು ಮುಗಿದ ಜಂಪರುಗಳು ಗುಡ್ಡೆ ಬಿದ್ದಿರುತ್ತವೆ. ಬೆಳಿಗ್ಗೆ ಚಹಾ ಕೊಡುವಾಗಲೇ ಒಂದು ಡಬ್ಬಿ ಹುಕ್ಕು, ಸೂಜಿ, ದಾರ ತಂದು ನನ್ನ ಮುಂದೆ ಇಡುತ್ತಾಳೆ. “ಇವತ್ತ ನೀವು ಸರ ಅಲ್ಲ, ಮನಿ ಮನಷ್ಯಾ. ಸುಮ್ನ ಕುಂತು ಹುಕ್ಕ ಹಚ್ರಿ,” ಅನ್ನುತ್ತಾಳೆ. ನಾನು ಹಚ್ಚುತ್ತೇನೆ. ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳ ಲಗ್ನದ ಜಂಪರಿನ ಹುಕ್ಕು ಸರ್ಕಾರಿ ಬ್ರೇಕಿನ ಪುಣ್ಯದಿಂದ ನಿಂತಿದೆ. ಕೆಲವು ನಿಂತಿಲ್ಲವೆಂದು ದೂರೂ ಬಂದಿದೆ.

ವರ್ಷದ ಉಳಿದ ದಿನಗಳಲ್ಲಿ ನಾನು ಕ್ಷಯರೋಗ ಕಾರ್ಯಕ್ರಮದ ಮೇಲ್ವಿಚಾರಕ. ಸುರಪುರ, ಕೆಂಭಾವಿ ಕಡೆಯ ಹಳ್ಳಿಗಳನ್ನು ಬೈಕಿನ ಮೇಲೆ ಸುತ್ತುವುದು, ರೋಗಿಗಳಿಗೆ ಗುಳಿಗೆ ಮುಟ್ಟಿತೇ, ಮುಟ್ಟಿದ್ದನ್ನು ನುಂಗಿದರೇ ಎಂದು ನೋಡುವುದು ನನ್ನ ಕೆಲಸ. ನನ್ನ ಹದಿನಾರಾಣೆ ಉದ್ಯೋಗ ಒಂದೇ ಮಾತಿನ ಮೇಲೆ ನಿಂತಿದೆ: ಒಂದು ದಿನವೂ ತಪ್ಪಿಸಬೇಡಿ. ತಪ್ಪಿಸಿದರೆ ಸತ್ತಂತೆ ಬಿದ್ದ ಕ್ರಿಮಿ ಎದ್ದು ಕೂರುತ್ತದೆ, ಎದ್ದದ್ದು ಹಳೆಯ ಗುಳಿಗೆಗೆ ಬಗ್ಗುವುದಿಲ್ಲ. ಇದನ್ನು ನಾನು ಕಟ್ಟೆಗಳ ಮೇಲೆ, ಶಾಲೆಗಳಲ್ಲಿ, ಒಮ್ಮೆ ಕರೆಯದೇ ಹೋದ ಒಂದು ಮದುವೆಯಲ್ಲೂ ಹೇಳಿದ್ದೇನೆ. ಹೇಳುವವನ ನೌಕರಿಯೇ ವರ್ಷಕ್ಕೊಂದು ದಿನ ತಪ್ಪುತ್ತದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಬರೀ ಭಾಷಣಕ್ಕೆ ಯಾರೂ ಗುಳಿಗೆ ನುಂಗುವುದಿಲ್ಲವೆಂದು ಮೊದಲ ವರ್ಷದಲ್ಲೇ ತಿಳಿಯಿತು. ಕುಡಿತ ಬಿಡದ ಒಬ್ಬ ರೋಗಿಯಿದ್ದ. ನನ್ನ ಮುಂದೆ ಗುಳಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ, ನಾನು ಬೈಕ್ ಹತ್ತಿದ ಮೇಲೆ ಉಗುಳುತ್ತಿದ್ದ. ಅವನ ತಾಯಿ ಒಂದು ದಿನ ಅಬ್ಬೆತುಮಕೂರಿನ ಮಠದಿಂದ ತಂದ ವಿಭೂತಿ ಅವನ ಅಂಗೈಯಲ್ಲಿಟ್ಟು ಆಣೆ ಮಾಡಿಸಿದಳು. ಮರುದಿನದಿಂದ ಅವನು ಗುಳಿಗೆ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸತೊಡಗಿದ. ಕುಡಿತದ ಮೇಲೆ ಆಣೆ ಮಾಡಿಸಿರಲಿಲ್ಲವಾದ್ದರಿಂದ ಅದು ನಡೆದೇ ಇತ್ತು.

ಅಂದಿನಿಂದ ನನ್ನ ಚೀಲದಲ್ಲಿ ಕಫದ ಡಬ್ಬಿಗಳ ಜೊತೆಗೆ ವಿಭೂತಿಯ ಪೊಟ್ಟಣವೂ ಸೇರಿತು. ಯಾವ ತರಬೇತಿಯಲ್ಲೂ ಹೇಳಿಕೊಡದ ವಿಧಾನ ಇದು. ಕೆಲವರಿಗೆ ವಿಭೂತಿ, ಕೆಲವರಿಗೆ ಕೊಡೇಕಲ್ಲಿನ ದೇವರ ಹೆಸರು, ಬುದ್ಧವಿಹಾರಕ್ಕೆ ನಡೆದುಕೊಳ್ಳುವವರು ಇವೆರಡೂ ಬೇಡವೆಂದರೆ ಮಕ್ಕಳ ತಲೆಯ ಮೇಲೆ ಕೈ. ನಾನೇ ದೇವರನ್ನು ಅಷ್ಟಾಗಿ ನಂಬುವವನಲ್ಲ. ಆದರೆ ಗುಳಿಗೆಯ ವಿಷಯದಲ್ಲಿ ಯಾವ ದೇವರ ಸಹಾಯವನ್ನೂ ಬೇಡವೆಂದವನಲ್ಲ.

ಕೆಂಭಾವಿ ಸಂತೆಯ ಮಿರ್ಚಿ ಅಕ್ಕ ನನ್ನ ಪಾಲಿಗೆ ಬಂದದ್ದು ಒಂದು ದೀಪಾವಳಿಯ ನಂತರ. ಬಸ್ ನಿಲ್ಲುವಲ್ಲಿಂದ ಸಂತೆಗೆ ತಿರುಗುವ ಮೂಲೆಯಲ್ಲಿ ಅವಳ ಬಂಡಿ. ಅವಳು ಮಿರ್ಚಿ ಕರಿಯುತ್ತಾಳೆ, ಅತ್ತೆ ಬಾಜೂಕ ಕುಳಿತು ಮಂಡಾಳು, ಅಂದರೆ ಮಂಡಕ್ಕಿ, ಒಗ್ಗರಣೆ ಹಾಕಿ ಕೊಡುತ್ತಾಳೆ. ಗಂಡ ಇಲ್ಲ, ತೀರಿಕೊಂಡು ಬಹಳ ವರ್ಷವಾಯಿತು. ಕಫದಲ್ಲಿ ಕ್ರಿಮಿ ಸಿಕ್ಕ ದಿನ ಅವಳು ರೋಗದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಬಂಡಿಯ ಬಗ್ಗೆ. ಸುದ್ದಿ ಹೊರಬಿದ್ದರೆ ತನ್ನ ಕೈಯ ಮಿರ್ಚಿ ಯಾರೂ ತಿನ್ನುವುದಿಲ್ಲ, ಅತ್ತೆ-ಸೊಸೆ ಇಬ್ಬರ ಹೊಟ್ಟೆಯೂ ಆ ಬಾಣಲೆಯಲ್ಲೇ ಇದೆ, ಎಂದಳು. ನಾಲ್ಕಾರು ವಾರ ಬಂಡಿ ನಿಲ್ಲಿಸು, ಮುಂದೆ ನಿನ್ನಿಂದ ಯಾರಿಗೂ ಅಂಟುವುದಿಲ್ಲ, ಆದರೆ ಅರ್ಧ ವರ್ಷ ಒಂದು ದಿನವೂ ಗುಳಿಗೆ ತಪ್ಪಿಸಬಾರದು ಎಂದು ಹೇಳಿ ಚೀಲದಿಂದ ಪೊಟ್ಟಣ ತೆಗೆದೆ.

ಅಲ್ಲಿಯವರೆಗೆ ಯಾರೂ ಕೇಳದ್ದನ್ನು ಅವಳು ಕೇಳಿದಳು. ಸಂತೆಯ ಹೆಣ್ಣುಮಗಳು. ಕೊಡುವವರು, ಕೊಳ್ಳುವವರು ಇಬ್ಬರೂ ಕೈ ಮುಟ್ಟದೆ ಅಲ್ಲಿ ಒಂದು ಆಡಿನ ವ್ಯಾಪಾರವೂ ಕುದುರುವುದಿಲ್ಲ.

“ಆಣಿ ಒಬ್ಬರದ ಆಗಂಗಿಲ್ರಿ ಸರ. ನಾ ನುಂಗೂದು ತಪ್ಪಸಂಗಿಲ್ಲ. ನೀವು ಕೊಡೂದು ತಪ್ಪಸಂಗಿಲ್ಲ ಅಂತ ಹೇಳ್ರಿ.”

ನನಗೆ ಏನು ಹುರುಪು ಬಂತೋ ಕಾಣೆ. ಅಂಗೈ ಚಾಚಿದೆ. ಸರ್ಕಾರದ ಪರವಾಗಿ ಹೇಳುತ್ತಿದ್ದೇನೆ, ನಿನ್ನ ಗುಳಿಗೆ ಒಂದು ದಿನವೂ ತಪ್ಪುವುದಿಲ್ಲ ಎಂದು ವಿಭೂತಿ ಮುಟ್ಟಿ ಆಣೆ ಮಾಡಿದೆ. ಮಂತ್ರಿಗಳು ಸಂವಿಧಾನದ ಹೆಸರಲ್ಲಿ ಪ್ರಮಾಣ ಮಾಡುತ್ತಾರಲ್ಲ, ಅವರಿಗಾದರೂ ಐದು ವರ್ಷದ ಭರವಸೆ ಇರುತ್ತದೆ. ನನ್ನದು ಮಾರ್ಚ್ ಕೊನೆಯವರೆಗಿನ ಗುತ್ತಿಗೆ. ಹೊತ್ತವನಿಗಿಂತ ಗಂಟು ದೊಡ್ಡದಾಯಿತು ಎಂದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ.

ಅಕ್ಕ ಮಾತಿಗೆ ತಪ್ಪಲಿಲ್ಲ. ದಿನಾ ಮುಂಜಾನೆ ಒಲೆ ಹಚ್ಚುವ ಮೊದಲು ತಂಬಿಗೆಯ ನೀರಿನಲ್ಲಿ ಗುಳಿಗೆ ನುಂಗಿ, ಆಮೇಲೆ ಎಣ್ಣೆ ಕಾಯಲಿಡುತ್ತಿದ್ದಳು. ಕೆಮ್ಮು ನಿಂತಿತು, ಮೈಗೆ ಮಾಂಸ ಹತ್ತಿತು, ಬಂಡಿ ಮತ್ತೆ ಹೊರಟಿತು. ಸಂತೆಯ ದಿನ ನಾನು ಹೋದರೆ ಪೇಪರಿನಲ್ಲಿ ಎರಡು ಮಿರ್ಚಿ ಕಟ್ಟಿ ಕೊಡುತ್ತಿದ್ದಳು. ಇದೆಲ್ಲ ನನ್ನ ಆಣೆಯ ಮಹಿಮೆಯೆಂದು ನಾನು ತಿಳಿದುಕೊಂಡಿದ್ದೆ.

ಆ ವರ್ಷ ಚುನಾವಣೆ. ಹೋಗುವ ಸರ್ಕಾರ ಪೂರ್ತಿ ಬಜೆಟ್ ಮಂಡಿಸುವ ಹಾಗಿಲ್ಲ, ಬರುವ ಸರ್ಕಾರ ಇನ್ನೂ ಬಂದಿಲ್ಲ. ನಡುವಿನ ತಿಂಗಳುಗಳ ಖರ್ಚಿಗೆಂದು ಲೇಖಾನುದಾನ ಮಾಡಿದರು. ಈ ಪದ ನಮ್ಮ ಕಡೆ ಬಂದಾಗ ಅದರ ಅರ್ಥ ಹೇಳಬಲ್ಲವನು ನಾನೊಬ್ಬನೇ ಎಂದು ನನಗೆ ಅನ್ನಿಸಿಬಿಟ್ಟಿತು. ಪೇಪರಿನಲ್ಲಿ ಅರ್ಧ ಓದಿದ್ದೆ, ಉಳಿದರ್ಧ ನನ್ನದೇ. ಸುರಪುರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತು ಕೇಳಿದವರಿಗೆ, ಕೇಳದವರಿಗೆ ಹೇಳತೊಡಗಿದೆ. ಮನೆಯ ಹಿರಿಯಳು ಯಾತ್ರೆಗೆ ಹೊರಟಾಗ ಕಣಜದ ಕೀಲಿ ತನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡು, ಸೊಸೆಯ ಕೈಗೆ ದಿನದ ಹಿಟ್ಟಿನ ಡಬ್ಬಿ ಮಾತ್ರ ಕೊಟ್ಟು ಹೋಗುತ್ತಾಳೆ. ರೊಟ್ಟಿ ಬಡಿ, ಹೋಳಿಗೆಗೆ ಕೈ ಹಾಕಬೇಡ. ಅಷ್ಟೇ ಲೇಖಾನುದಾನ. ಹೋಟೆಲಿನವನು ಈ ಉಪಮೆಗೆ ಮೆಚ್ಚಿ ಒಂದು ಚಹಾ ಪುಕ್ಕಟೆ ಕೊಟ್ಟ. ಅದರಿಂದ ನನ್ನ ತಲೆ ಇನ್ನಷ್ಟು ತಿರುಗಿತು.

ಏಪ್ರಿಲ್ ಒಂದಕ್ಕೆ ವಾಡಿಕೆಯಂತೆ ಹುಕ್ಕು ಹಚ್ಚಿದೆ. ಎರಡಕ್ಕೆ ಹೊಸ ಆದೇಶ ಬರಲಿಲ್ಲ. ಆಮೇಲೂ ಬರಲಿಲ್ಲ. ಪೂರ್ತಿ ಬಜೆಟ್ ಆಗುವವರೆಗೆ ನವೀಕರಣ ಕಷ್ಟ, ಸದ್ಯಕ್ಕೆ ಬಾಯಿಮಾತಿನ ಮೇಲೆ ಕೆಲಸ ನಡೆಸಿ ಎಂದು ಮೇಲಿನಿಂದ ಫೋನು ಬಂತು. ಬಾಯಿಮಾತಿನ ನೌಕರನಾಗಿ ಬೈಕ್ ಹತ್ತಿದೆ. ಹೆಂಡತಿ ಹುಕ್ಕಿನ ಡಬ್ಬಿ ಒಳಗೆ ಎತ್ತಿಡಲೇ ಇಲ್ಲ. ಯಾವಾಗ ಬೇಕಾದೀತು ಹೇಳಲಾಗದು ಎಂದು ಕಿಟಕಿಯಲ್ಲೇ ಬಿಟ್ಟಳು.

ನನ್ನ ನೌಕರಿ ನಿಂತದ್ದು ದೊಡ್ಡ ಸಂಗತಿಯಲ್ಲ. ಗುಳಿಗೆಯೂ ನಿಂತಿತು. ಯಾದಗಿರಿಗೆ ಹೋಗಿ ಕೇಳಿದರೆ ಔಷಧದ ಕಪಾಟು ನೋಡಿಕೊಳ್ಳುವವರು ಕಪಾಟನ್ನೇ ತೆರೆದು ತೋರಿಸಿದರು. ಪಾಪ, ಸುಳ್ಳು ಹೇಳುವ ಮನುಷ್ಯರಲ್ಲ. ಹೊಸ ಖರೀದಿ ಈಗ ಆಗುವುದಿಲ್ಲ, ಲೇಖಾನುದಾನ ನೋಡ್ರಿ, ಎಂದರು. ಇದು ನಿಜಕ್ಕೂ ಲೇಖಾನುದಾನದ ತಪ್ಪೋ, ಅದರ ನೆರಳಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದ ಯಾರದೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಹೋಟೆಲಿನಲ್ಲಿ ಹೇಳುತ್ತಿದ್ದ ಮಾತನ್ನೇ ಅವರು ನನಗೆ ಹೇಳಿದಾಗ ಅದು ಮಾತ್ರ ಸ್ವಲ್ಪವೂ ಚೆಂದ ಕೇಳಿಸಲಿಲ್ಲ.

ಅಕ್ಕನ ಬಳಿ ಆಗ ಕೆಲವೇ ದಿನದ ಗುಳಿಗೆ ಉಳಿದಿತ್ತು, ಚಿಕಿತ್ಸೆ ಮುಗಿಯಲು ಇನ್ನೂ ತಿಂಗಳಿಗೆ ಮೇಲೆ ಬೇಕಿತ್ತು. ಹೋಗಿ ಅವಳಿಗೂ ಕಣಜ, ಕೀಲಿ, ಡಬ್ಬಿಯ ಕತೆ ಹೇಳಿದೆ. ಅದೇ ಧಾಟಿ, ಅದೇ ಕೈಸನ್ನೆ. ಅವಳು ಮೆಣಸಿನಕಾಯಿ ಸೀಳುತ್ತಾ ಪೂರ್ತಿ ಕೇಳಿಸಿಕೊಂಡಳು.

“ಡಬ್ಬ್ಯಾಗಿನ ಹಿಟ್ಟ ತೀರಿದ್ರ ಸೊಸಿ ಬಾಜೂ ಮನಿಗೆ ಹೋಗಿ ಕಡ ತರ್ತಾಳ್ರಿ ಸರ. ಅತ್ತಿ ಬರೂತನ ಮಕ್ಕಳನ್ನ ಉಪವಾಸ ಕೆಡವಂಗಿಲ್ಲ.”

ನನ್ನ ಉಪಮೆ ನನ್ನ ಕೈಯಲ್ಲೇ ಮುರಿಯಿತು. ಪುಕ್ಕಟೆ ಚಹಾ ಕೊಟ್ಟವನಿಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಅವನ ಮೇಲೆಯೇ ಸಿಟ್ಟು ಬಂತು. ಕಡ ತರಲು ಹೊರಟೆ. ಶಹಾಪುರದಲ್ಲಿ ನನ್ನ ಹಾಗೆಯೇ ಗುತ್ತಿಗೆಯ ಒಬ್ಬ ಗೆಳೆಯ ಇದ್ದಾನೆ. ಅವನ ಬಳಿ ಇದ್ದ ಒಂದೊಂದು ಗುಳಿಗೆಪಟ್ಟಿಗೂ ಒಬ್ಬೊಬ್ಬ ಒಡೆಯನಿದ್ದ. ದುಡಿಯಲು ಪುಣೆಗೆ ಹೋದ ಒಬ್ಬನಿಗೆಂದು ಇಟ್ಟಿದ್ದ ಒಂದು ಪಟ್ಟಿಯನ್ನು, ಅವನಿಗೆ ಅಲ್ಲೇ ಸಿಗುತ್ತಿದೆ ಎಂದು ಫೋನು ಮಾಡಿ ಖಾತ್ರಿ ಮಾಡಿಕೊಂಡು, ಕೊಟ್ಟ. ಖಾಸಗಿ ಔಷಧ ಅಂಗಡಿಗಳನ್ನೂ ಹತ್ತಿ ಇಳಿದೆ. ಸರ್ಕಾರ ಪುಕ್ಕಟೆ ಕೊಡುವ ಗುಳಿಗೆಯನ್ನು ನಾವು ಇಟ್ಟರೆ ಯಾರು ಕೊಳ್ಳುತ್ತಾರೆ ಎಂದು ಒಬ್ಬ, ತರಿಸಿ ಕೊಡುತ್ತೇನೆ ಎಂದು ಇನ್ನೊಬ್ಬ. ತರಿಸಿ ಕೊಡುತ್ತೇನೆ ಎಂದವನು ಇವತ್ತಿಗೂ ತರಿಸುತ್ತಲೇ ಇದ್ದಾನೆ.

ಕಡ ತಂದ ಪಟ್ಟಿಯೂ ತೀರಿತು. ಅದು ತೀರಿದ ಮೇಲೆ ನಾನು ಮಾಡಿದ್ದು ಶೂರರು ಮಾಡುವ ಕೆಲಸ: ಅಕ್ಕನಿಗೆ ಮುಖ ತೋರಿಸಲಿಲ್ಲ. ಕೆಂಭಾವಿಗೆ ಹೋಗಲೇಬೇಕಾದಾಗ ಬಸ್ ನಿಲ್ಲುವ ಮೂಲೆ ಬಿಟ್ಟು, ಹಿಂದಿನ ಹಾದಿಯಲ್ಲಿ ದನಗಳ ನಡುವೆ ಬೈಕ್ ನುಗ್ಗಿಸುತ್ತಿದ್ದೆ. ಹೆಲ್ಮೆಟ್ ಹಾಕು ಎಂದು ಹೆಂಡತಿ ವರ್ಷಗಟ್ಟಲೆ ಬಡಿದುಕೊಂಡರೂ ಹಾಕದವನು ಆ ದಿನಗಳಲ್ಲಿ ತಪ್ಪದೆ ಹಾಕಿದೆ. ಅವಳು ನನಗೆ ಬುದ್ಧಿ ಬಂತೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಸಿಕ್ಕಿಬಿದ್ದದ್ದು ಅತ್ತೆಯ ಕೈಗೆ. ಮುದುಕಿ ಒಂದು ಬೆಳಿಗ್ಗೆ ಬೆಲ್ಲ ತರಲು ಹಿಂದಿನ ಹಾದಿಗೆ ಬಂದಿದ್ದಳು. ಹೆಲ್ಮೆಟ್ಟಿನೊಳಗಿನ ನನ್ನನ್ನು ಗುರುತು ಹಿಡಿದು, ಸೊಸೆ ದಿನಾ ದಾರಿ ನೋಡುತ್ತಾಳೆ ಎಂದು ಹೇಳಿ, ಬೈಕಿನ ಹ್ಯಾಂಡಲ್ ಹಿಡಿದೇ ಬಂಡಿಯವರೆಗೆ ನಡೆಸಿಕೊಂಡು ಬಂದಳು. ಮೇಯಲು ಹೋಗಿ ತಪ್ಪಿಸಿಕೊಂಡ ಎಮ್ಮೆಯನ್ನು ಕರೆತಂದ ಹಾಗೆ.

ಅಕ್ಕ ಇನ್ನೂ ಒಲೆ ಹಚ್ಚಿರಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕೂರಲು ಮಣೆ ಸರಿಸಿದಳು. ಆಮೇಲೆ ತಂಬಿಗೆ ತೆಗೆದುಕೊಂಡು, ಪೂರ್ವಕ್ಕೆ ಮುಖ ಮಾಡಿ ನಿಂತು, ಲೋಟಕ್ಕೆ ನೀರು ಬಗ್ಗಿಸಿಕೊಂಡು ಕುಡಿದಳು. ಗುಳಿಗೆ ನುಂಗುವಾಗ ಮಾಡುತ್ತಿದ್ದಂತೆಯೇ ಕೊನೆಗೆ ಕತ್ತೆತ್ತಿ ಗುಟುಕರಿಸಿದಳು. ಎಲ್ಲಿಂದಲೋ ಗುಳಿಗೆ ಸಿಕ್ಕಿತೇನೋ ಎಂದು ನನಗೆ ಆಸೆ ಹುಟ್ಟಿತು. ಯಾರು ಕೊಟ್ಟರು ಎಂದು ಕೇಳಿದೆ.

“ಯಾರೂ ಕೊಟ್ಟಿಲ್ರಿ. ಗುಳಿಗಿ ಇಲ್ಲ, ಬರೇ ನೀರು. ಇಭೂತಿ ಮುಟ್ಟಿ ತಪ್ಪಸಂಗಿಲ್ಲ ಅಂದೀನಲ್ಲ. ನನ್ನ ಕೈಯಾಗ ಇರೂದು ಇದೊಂದ.”

ಆಣೆ ಮುರಿದರೆ ಮನೆಗೆ ಕೇಡೆಂದು ಅವಳು ನಂಬಿದ್ದಳು. ನಾನು ಉಪಾಯವೆಂದು ಮಾಡಿಸಿದ್ದನ್ನು ಅವಳು ಬದುಕೆಂದು ಹಿಡಿದಿದ್ದಳು. ನನಗೆ ಅಳು ಬಂತು. ಮಿರ್ಚಿಯ ಘಾಟು ಎಂದು ಹೇಳೋಣವೆಂದರೆ ಒಲೆಯೇ ಹಚ್ಚಿರಲಿಲ್ಲ. ಅತ್ತೆ ನನ್ನ ಮುಖ ನೋಡಿ, ಸರ್‌ಗ ಹೆಲ್ಮೆಟ್ಟಿನಾಗ ಸೆಕಿ ಆಗೇದ ಎಂದು ಸೆರಗಿನಿಂದ ಗಾಳಿ ಬೀಸಿದಳು.

ಚುನಾವಣೆ ಮುಗಿದು ಹೊಸ ಸರ್ಕಾರ ಬಂತು, ಪೂರ್ತಿ ಬಜೆಟ್ ಆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ ಆಮೇಲೂ ಕೆಲ ವಾರ ಎಳೆದಾಡಿ ನನ್ನ ಆದೇಶ ಬಂತು. ಏಪ್ರಿಲ್ ಎರಡರಿಂದಲೇ ನಾನು ನೌಕರಿಯಲ್ಲಿದ್ದೆನೆಂದು ಹಿಂದಿನ ತಾರೀಖಿನಿಂದ ಅನ್ವಯಿಸಿ ಬರೆದಿದ್ದರು. ಬಾಯಿಮಾತಿನ ನನ್ನ ತಿಂಗಳುಗಳೆಲ್ಲ ಒಂದೇ ಏಟಿಗೆ ಸಾಚಾ ಆದವು. ಗುಳಿಗೆಯೂ ಬಂತು. ಹಿಂದಿನ ತಾರೀಖಿನಿಂದ ನುಂಗಿಸುವ ಗುಳಿಗೆ ಮಾತ್ರ ಯಾರೂ ಕಳಿಸಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಕೆಮ್ಮು ಮರಳಿತ್ತು. ಪರೀಕ್ಷೆಯಲ್ಲಿ ಕ್ರಿಮಿ ಮತ್ತೆ ಸಿಕ್ಕಿತು, ಹಳೆಯ ಗುಳಿಗೆಗೆ ಅದು ಬಗ್ಗುವುದಿಲ್ಲವೆಂದೂ ತಿಳಿಯಿತು. ನಾನು ಕಟ್ಟೆಗಳ ಮೇಲೆ ಹೆದರಿಸುತ್ತಿದ್ದ ಮಾತು ಅಕ್ಷರಶಃ ನಿಜವಾಗಿತ್ತು. ಹೊಸ ಔಷಧ, ಇನ್ನೂ ಉದ್ದ, ಇನ್ನೂ ಕಠಿಣ. ಬಂಡಿ ಮತ್ತೆ ನಿಂತಿತು. ಕೆಲ ದಿನ ಅತ್ತೆ ತಾನೇ ಕರಿಯಲು ನೋಡಿದಳು. ಹಿಟ್ಟು ಒಂದು ಕಡೆ, ಮೆಣಸಿನಕಾಯಿ ಒಂದು ಕಡೆ ಬೆಂದು ಬರುತ್ತಿತ್ತು, ಗಿರಾಕಿಗಳು ನಕ್ಕು ಮುಂದೆ ಹೋಗುತ್ತಿದ್ದರು. ಇತ್ತ ಆಫೀಸಿನಲ್ಲಿ ಕಂಪ್ಯೂಟರ್, ರೋಗಿ ಚಿಕಿತ್ಸೆ ಯಾಕೆ ಬಿಟ್ಟಳು ಎಂದು ನನ್ನನ್ನು ಕೇಳಿತು. ಊರು ಬಿಟ್ಟಳೇ, ಔಷಧ ಒಗ್ಗಲಿಲ್ಲವೇ, ಮನಸ್ಸಿಲ್ಲವೇ? ಕೊಡುವವನೇ ಬಿಟ್ಟ ಎಂಬುದು ಅದರಲ್ಲಿರಲಿಲ್ಲ. ‘ಇತರೆ’ ಒತ್ತಿದೆ. ಕಂಪ್ಯೂಟರಿಗೆ ಬೈದೆ. ಅದು ಧನ್ಯವಾದ ಎಂದಿತು.

ಹೊಸ ಗುಳಿಗೆ ತೆಗೆದುಕೊಂಡು ಹೋದ ದಿನ ನಾನು ವಿಭೂತಿಯ ಪೊಟ್ಟಣ ಮನೆಯಲ್ಲೇ ಬಿಟ್ಟಿದ್ದೆ. ಆಣೆಯ ಸಹವಾಸ ಸಾಕಾಗಿತ್ತು. ಅಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕುಳಿತಿದ್ದಳು. ತೋಳು ಮತ್ತೆ ಕಟ್ಟಿಗೆಯಾಗಿತ್ತು. ಒಳಗಿನಿಂದ ದೇವರ ಮುಂದಿನ ವಿಭೂತಿಗಟ್ಟಿ ತರಿಸಿ ನಮ್ಮಿಬ್ಬರ ನಡುವೆ ಇಟ್ಟಳು.

“ಈ ಸಲ ಸರ್ಕಾರದ ಆಣಿ ಬ್ಯಾಡ್ರಿ. ನಿಮ್ಮ ಹೆಸರಿಲೆ ಮಾಡ್ರಿ.”

ನನ್ನ ಕೈ ಮೇಲೇಳಲಿಲ್ಲ. ಗುತ್ತಿಗೆ, ಖರೀದಿ, ಮುಂದಿನ ಚುನಾವಣೆ, ಬೈಕಿನ ಹಳೆ ಟೈರು ಎಲ್ಲ ಒಟ್ಟಿಗೆ ನೆನಪಾದವು. ಅನುದಾನದ ಲಭ್ಯತೆಗೆ ಒಳಪಟ್ಟು ಎಂದು ಆಣೆಗೆ ಒಂದು ಷರತ್ತು ಸೇರಿಸಬಹುದೇ ಎಂದು, ದೇವರಾಣೆ, ಯೋಚಿಸಿದೆ. ನನ್ನ ಹೆಸರಿನಲ್ಲಿ ನಾನು ಕೊಡಬಲ್ಲದ್ದು ಏನಿದೆ ಎಂದು ತಡಕಾಡಿದರೆ ಸಿಕ್ಕಿದ್ದು ಒಂದೇ. ವಿಭೂತಿ ಮುಟ್ಟಿದೆ.

“ಗುಳಿಗಿ ಬಂದ್ರೂ ಬರಲಿಲ್ಲಂದ್ರೂ, ಪ್ರತಿ ಸಂತಿ ದಿನ ನಾ ಬರ್ತೀನಿ. ಮಾರಿ ತೋರ್ಸೂದು ತಪ್ಪಸಂಗಿಲ್ಲ.”

ಇಷ್ಟೇನಾ ಎಂಬಂತೆ ನೋಡಿದಳು. ಆಮೇಲೆ, ಇಷ್ಟಾದರೂ ಆಯಿತು ಎಂಬಂತೆ ತಲೆಯಾಡಿಸಿದಳು.

ಹೋದೆ. ಮಳೆ, ಬಿಸಿಲು, ಜ್ವರ ಯಾವುದನ್ನೂ ನೆವ ಮಾಡಲಿಲ್ಲ. ಮೊದಲ ತಿಂಗಳುಗಳಲ್ಲಿ ಆ ಕಠಿಣ ಔಷಧಕ್ಕೆ ಅವಳಿಗೆ ತಲೆ ತಿರುಗುತ್ತಿತ್ತು, ಉಂಡದ್ದು ನಿಲ್ಲುತ್ತಿರಲಿಲ್ಲ. ಸಾಕು ಎಂದು ಅತ್ತೆಯೇ ಒಮ್ಮೆ ಅತ್ತಳು. ಅಕ್ಕ ನುಂಗುವುದು ಬಿಡಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಕಫ ಮತ್ತೆ ಶುದ್ಧ ಬಂತು. ಇನ್ನೂ ಕೆಲವು ತಿಂಗಳ ಔಷಧ ಬಾಕಿಯಿದ್ದರೂ ಬಂಡಿ ಹೊರಡಿಸಬಹುದು ಎಂದು ಡಾಕ್ಟರು ಹೇಳಿದರು. ಸಂಕ್ರಾಂತಿ ಮುಗಿದ ಮೇಲೆ ಆ ಮೂಲೆಯಲ್ಲಿ ಮತ್ತೆ ಎಣ್ಣೆ ಕಾಯಿತು.

ಮುಂದಿನ ವರ್ಷದ ಏಪ್ರಿಲ್ ಒಂದು ಕೆಂಭಾವಿ ಸಂತೆಯ ದಿನವೇ ಬಂತು. ಬೆಳಿಗ್ಗೆ ಹೆಂಡತಿ ಹುಕ್ಕಿನ ಡಬ್ಬಿ ತಂದಿಟ್ಟಳು. ನಾನು ಬೈಕಿನ ಕೀಲಿ ತೆಗೆದುಕೊಂಡೆ. ಇವತ್ತು ನೌಕರಿಯೇ ಇಲ್ಲ, ಹಾದಿಯಲ್ಲಿ ಬಿದ್ದು ಕೈಕಾಲು ಮುರಿದರೆ ಕೇಳುವವರು ಯಾರು ಎಂದು ಕೇಳಿದಳು. ಸಂಜೆ ಬಂದು ಎಲ್ಲ ಹಚ್ಚುತ್ತೇನೆ ಎಂದೆ. ಹೆಲ್ಮೆಟ್ ತಂದು ತಾನೇ ನನ್ನ ತಲೆಗೆ ಒತ್ತಿದಳು.

ಬಂಡಿಯ ಹತ್ತಿರ ಹೋದಾಗ ಒಲೆ ಇನ್ನೂ ತಣ್ಣಗಿತ್ತು. ಅಕ್ಕ ನನ್ನ ಮುಂದೆಯೇ ಗುಳಿಗೆಗಳನ್ನು ಒಂದೊಂದಾಗಿ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು. ಇವತ್ತು ತೋರಿಸಬೇಕಾಗಿಲ್ಲ, ನನಗೆ ಬ್ರೇಕು, ಸರ್ಕಾರದ ಲೆಕ್ಕದಲ್ಲಿ ನಾನು ಇವತ್ತು ಯಾರೂ ಅಲ್ಲ ಎಂದು ನಗಾಡಿದೆ. ವರ್ಷಾ ವರ್ಷಾ ಹಿಂಗ ತಪ್ಪಿಸ್ತಾರೇನ್ರಿ ನಿಮ್ಮನ್ನ ಎಂದು ಕೇಳಿದಳು. ಹೌದು ಎಂದೆ. ಅವಳು ನಗಲಿಲ್ಲ. ಲೋಟ ತೊಳೆದು, ತಂಬಿಗೆಯಲ್ಲಿ ಉಳಿದ ನೀರು ಬಗ್ಗಿಸಿ ನನ್ನ ಕೈಗೆ ಕೊಟ್ಟಳು.

“ಹಂಗಾರ ಇವತ್ತ ನಿಮಗ ಗುಳಿಗಿ ಇಲ್ಲ. ಕುಡೀರಿ ಸರ, ನೀರಾದ್ರೂ ತಪ್ಪಸಬ್ಯಾಡ್ರಿ.”

ಪೂರ್ವಕ್ಕೆ ಮುಖ ಮಾಡಿ ನಿಂತು ಕುಡಿದೆ.